ಸುಗ್ಗಿ ಹಬ್ಬಕ್ಕೆ ಬುಟ್ಟಿ ತುಂಬುವ ಮುಂಚೆ

ನಮ್ಮ ಚರ್ಚುಗಳ ಸುಗ್ಗಿ ಹಬ್ಬ ಹತ್ತಿರ ಬಂತು. ಬೆಟಗೇರಿ, ಹುಬ್ಬಳ್ಳಿ, ಧಾರವಾಡ, ಯಾವ ಸಭೆಗೆ ಹೋದರೂ ಆ ಭಾನುವಾರದ ಚೆಂದವೇ ಬೇರೆ. ದೇವಾಲಯದೊಳಗೆ ಮುಂದುಗಡೆ ಶೇಂಗಾ ಚೀಲ, ಉಳ್ಳಾಗಡ್ಡಿ, ಗೋವಿನಜೋಳದ ತೆನೆ, ಬ್ಯಾಡಗಿ ಮೆಣಸಿನಕಾಯಿ, ಕುಂಬಳಕಾಯಿ, ಮನೆಯಲ್ಲೇ ಮಾಡಿದ ಕೇಕು, ಕಾಲು ಕಟ್ಟಿದ ಒಂದೆರಡು ಕೋಳಿ. ಪಾಸ್ಟರ್ ಪ್ರಾರ್ಥನೆ ಮಾಡುವಾಗಲೇ ಹುಂಜ ಕೂಗಿಬಿಡುತ್ತದೆ, ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಲಿಲಾವು.

ಲಿಲಾವು ನನಗೆ ಇಷ್ಟ, ಅದನ್ನ ಮೊದಲೇ ಹೇಳಿಬಿಡುತ್ತೇನೆ. ಐವತ್ತು ರೂಪಾಯಿಯ ಕುಂಬಳಕಾಯಿ ಎರಡು ಸಾವಿರಕ್ಕೆ ಹೋಗುತ್ತದೆ, ಕೊಂಡವರು ಅದನ್ನು ವಾಪಸ್ ಮೇಜಿನ ಮೇಲಿಟ್ಟು ‘ಇನ್ನೊಮ್ಮೆ ಕೂಗ್ರಿ’ ಅನ್ನುತ್ತಾರೆ, ಸಭೆಯ ಖರ್ಚಿಗೆ ದುಡ್ಡಾಗುತ್ತದೆ. ಒಳ್ಳೆಯದೇ. ಆದರೆ ಕೂಗು ಏರುತ್ತಾ ಹೋದಂತೆ ಒಂದು ಹೊತ್ತಿನಲ್ಲಿ ಕುಂಬಳಕಾಯಿಯೂ ಮರೆತು, ದೇವರೂ ಮರೆತು, ಎದುರಿಗೆ ನಿಂತವರನ್ನು ಸೋಲಿಸುವ ಹಟ ಒಂದೇ ಉಳಿಯುತ್ತದಲ್ಲ, ಅದನ್ನು ನೀವೂ ನೋಡಿರುತ್ತೀರಿ. ಅದೇ ಮೇಜಿನ ಮೂಲೆಯಲ್ಲಿ ಯಾರೋ ಅಜ್ಜಿ ಸ್ಟೀಲ್ ಡಬ್ಬಿಯಲ್ಲಿ ತಂದ ಹೆಸರುಕಾಳು. ‘ಅದನ್ನ ಯಾವುದರ ಜೋಡಿಯಾದರೂ ಸೇರಿಸಿಬಿಡ್ರಿ’ ಅಂತ ಒಂದು ದನಿ. ಕಾಳು ಚೀಲಕ್ಕೆ, ಖಾಲಿ ಡಬ್ಬಿ ಅಜ್ಜಿಯ ಕೈಗೆ.

ಇದಕ್ಕೇ ನಾನು ಬೈಬಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯ ಓದಿ ಅನ್ನೋದು. ಅಲ್ಲಿ ಮೊದಲ ಬೆಳೆಯನ್ನು ಬುಟ್ಟಿಯಲ್ಲಿ ತಂದವನು ಯಾಜಕನ ಮುಂದೆ ನಿಂತು ಒಂದಿಷ್ಟು ಮಾತು ಹೇಳಬೇಕು. ಎಷ್ಟು ತಂದೆ ಅಂತ ಅಲ್ಲ. ನಮ್ಮ ಮೂಲಪುರುಷ ನೆಲೆಯಿಲ್ಲದೆ ಅಲೆಯುತ್ತಿದ್ದ ಅರಾಮ್ಯ (ಅರಾಮ್ ಸೀಮೆಯವನು), ಸ್ವಲ್ಪ ಜನರನ್ನು ಕಟ್ಟಿಕೊಂಡು ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ ಹೋದ, ಅಲ್ಲಿ ನಮ್ಮನ್ನು ಜೀತದಂತೆ ದುಡಿಸಿದರು, ದೇವರು ಬಿಡಿಸಿ ತಂದು ಈ ನೆಲ ಕೊಟ್ಟ ಅಂತ. ಆ ಮೂಲಪುರುಷ ಯಾಕೋಬ; ಅವನ ಮನೆಯವರು ಐಗುಪ್ತಕ್ಕೆ ಹೋದದ್ದು ಬರಗಾಲಕ್ಕೆ ಹೆದರಿ, ಕಾಳು ಹುಡುಕಿಕೊಂಡು. ಹೊಲ, ಮನೆ, ತುಂಬಿದ ಕಣ ಎಲ್ಲಾ ಇರುವವನ ಬಾಯಿಂದಲೇ ಅಂಥವರ ಮಕ್ಕಳು ನಾವು ಅಂತ ಹೇಳಿಸುತ್ತಾರೆ. ಅದೂ ಸುಗ್ಗಿಯ ದಿನ, ಬುಟ್ಟಿ ತುಂಬಿರುವಾಗ!

ನಮ್ಮಲ್ಲಿ ‘ನಾವು ಬಾಸೆಲ್ ಮಿಶನ್ ಕಾಲದಿಂದ ಇದ್ದವರು’ ಅನ್ನುವ ಮಾತು ಜಾಸ್ತಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿಂದ ಬಂದ ಈ ಕ್ರೈಸ್ತ ಮಿಶನ್ನಿನ ಕೆಲಸ ಧಾರವಾಡದಲ್ಲಿ ಶುರುವಾದದ್ದು 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ, ಬೆಟಗೇರಿಯಲ್ಲಿ 1841ರಲ್ಲಿ. ಅಷ್ಟು ಹಳೆಯ ಮನೆತನಕ್ಕೆ ಅಭಿಮಾನ ಇದ್ದರೆ ತಪ್ಪಲ್ಲ. ಆದರೆ ಆ ಕಾಲದವರು ಏನು ಹೊತ್ತು ಬಂದಿದ್ದರು ಹೇಳಿ? 1876-78ರ ದೊಡ್ಡ ಬರ ಈ ಸೀಮೆಯನ್ನು ಹಿಂಡಿದಾಗ ಹಸಿದ ಹೊಟ್ಟೆಯಲ್ಲಿ ಮಿಶನ್ ಅಂಗಳಕ್ಕೆ ಬಂದವರೂ ಇದ್ದರು. ಅಂದರೆ ಅರಾಮ್ಯನ ಕಥೆ ನಮಗೇನೂ ದೂರದ್ದಲ್ಲ, ಗದಗ ಸೀಮೆಯದ್ದೇ. ಆ ಹಳೆತನವನ್ನೇ ಹಿಡಿದುಕೊಂಡು, ಮೊನ್ನೆ ಮೊನ್ನೆ ದೀಕ್ಷಾಸ್ನಾನ ಪಡೆದು ಹಿಂದಿನ ಬೆಂಚಿನಲ್ಲಿ ಕೂರುವವರನ್ನು ‘ಹೊಸಬರು’ ಅಂತ ವರ್ಷಗಟ್ಟಲೆ ಕರೆಯುತ್ತೇವೆ. ಕಮಿಟಿಗೆ ಅವರ ಹೆಸರು ಬಂದರೆ ಒಂದಿಷ್ಟು ಜನಕ್ಕೆ ಕೆಮ್ಮು.

ದೇವರ ಮುಂದೆ ಮೊಣಕಾಲೂರಿ ‘ನಾನು ಪಾಪಿ’ ಅನ್ನೋದು ಅಷ್ಟೇನೂ ಕಷ್ಟ ಅಲ್ಲ, ವಾರವಾರ ಅಂತೇವೆ. ಅದೇ ಮಾತನ್ನು ಪಕ್ಕದ ಬೆಂಚಿನವರು ನಮ್ಮ ಬಗ್ಗೆ ಅಂದು ನೋಡಲಿ! ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಪತ್ರದಲ್ಲಿ ಬರೆದದ್ದು ಸುಮ್ನೆ ತಗ್ಗಿ ನಡೆಯಿರಿ ಅಂತ ಅಲ್ಲ, ಒಬ್ಬರನ್ನೊಬ್ಬರು ತಮಗಿಂತ ಹೆಚ್ಚು ಅಂತ ಎಣಿಸಿರಿ ಅಂತ. ಒಬ್ಬರನ್ನೊಬ್ಬರು ಅಂದರೆ ಕೂಗಿನಲ್ಲಿ ನಮ್ಮನ್ನು ಸೋಲಿಸಿದವರೂ ಸೇರಿದರು, ಡಬ್ಬಿ ತಂದ ಅಜ್ಜಿಯೂ ಸೇರಿದಳು. ಕೊರಿಂಥ ಊರಿನ ಸಭೆಯವರಿಗಂತೂ ನೇರವಾಗಿ ಕೇಳಿದ: ನಿನ್ನಲ್ಲಿರೋದರಲ್ಲಿ ಬೇರೆಯವರು ಕೊಡದೆ ನಿನಗೆ ಬಂದದ್ದು ಯಾವುದಪ್ಪಾ? ಶೇಂಗಾ ಚೀಲ ತಂದವರು ಒಮ್ಮೆ ಯೋಚಿಸಲಿ. ಮಳೆ ಕೈಕೊಟ್ಟ ವರ್ಷ ನಾವು ಏನು ತಂದಿದ್ದೆವು?

ಅದೇ ಕೊರಿಂಥದ ಸಭೆಯಲ್ಲಿ ಯೇಸುವಿನ ನೆನಪಿನ ಊಟವಾದ ಕರ್ತನ ಭೋಜನಕ್ಕೆ ಕೂಡಿದಾಗ ಇದ್ದವರು ಮೊದಲೇ ಉಂಡುಬಿಡುತ್ತಿದ್ದರು, ಇಲ್ಲದವರು ಹಸಿದುಕೊಂಡೇ ಇರುತ್ತಿದ್ದರು. ನಮ್ಮ ಹಬ್ಬದ ಊಟ ಅಷ್ಟು ಕೆಟ್ಟಿಲ್ಲ ಬಿಡಿ. ಆದರೂ ಮುಂದಿನ ಸಾಲಿನ ಕುರ್ಚಿ ಯಾರಿಗೆ, ಸೌಟು ಹಿಡಿಯುವವರು ಯಾರು, ಕೊನೆಗೆ ಪಾತ್ರೆ ತಿಕ್ಕುವವರು ಯಾರು ಅನ್ನೋದು ಪ್ರತಿ ವರ್ಷ ಹೆಚ್ಚುಕಡಿಮೆ ಅವೇ ಮುಖಗಳು, ಅಲ್ವಾ?

ಕಮಿಟಿಯವರಿಗೆ ಒಂದು ಮಾತು. ಈ ಸಲ ಕಾಣಿಕೆಯ ಪಟ್ಟಿ ಓದುವುದಾದರೆ ಹೆಸರಷ್ಟೇ ಓದಿ, ಮೊತ್ತ ಬೇಡ. ಅಜ್ಜಿಯ ಹೆಸರುಕಾಳನ್ನೂ ಬೇರೆಯಾಗಿಯೇ ಕೂಗಿ. ಮೊತ್ತ ಓದದಿದ್ದರೆ ಮುಂದಿನ ವರ್ಷ ಕೊಡೋದು ಕಡಿಮೆಯಾಗುತ್ತದೆ ಅಂತ ಕೆಲವರು ಹೆದರಿಸಬಹುದು. ಕಡಿಮೆಯಾದರೆ ಆಗಲಿ, ಅಷ್ಟು ದುಡ್ಡು ಯಾರ ಹೆಸರಿಗೆ ಬರುತ್ತಿತ್ತು ಅಂತ ನಮಗೇ ಗೊತ್ತಾಗುತ್ತದೆ.

ಉಳಿದವರಿಗೆ ಕೆಲಸ ಧರ್ಮೋಪದೇಶಕಾಂಡದ ಆ ಅಧ್ಯಾಯದ 11ನೇ ವಚನದಲ್ಲೇ ಇದೆ. ಬುಟ್ಟಿ ಕೊಟ್ಟವನು ತನ್ನ ಮನೆಯವರ ಜೊತೆ ಮಾತ್ರ ಸಂತೋಷಪಟ್ಟರೆ ಸಾಲದು, ಸ್ವಂತ ಹೊಲದ ಪಾಲಿಲ್ಲದೆ ದೇವರ ಸೇವೆಗೆ ನಿಂತ ಲೇವಿಯನೂ ನಡುವೆ ಇರುವ ಪರದೇಶಿಯೂ ಜೊತೆಗಿರಬೇಕು. ಊಟಕ್ಕೆ ಕೂರುವಾಗ ನಿಮ್ಮ ನಿಮ್ಮ ಬಳಗದ ಸಾಲು ಬಿಟ್ಟು ಆ ‘ಹೊಸಬರ’ ಪಕ್ಕ ಕೂತುಕೊಳ್ಳಿ. ಯಾವ ಊರಿನವರು ಅಂತ ಅವರನ್ನು ಕೇಳುವ ಮುಂಚೆ, ನಿಮ್ಮ ಹಿರಿಯರು ಎಲ್ಲಿಂದ, ಹೇಗೆ ಬಂದರು ಅಂತ ನೀವೇ ಹೇಳಿ.