ನೆಟ್‌ವರ್ಕ್ ರೀಸೆಟ್ ಒತ್ತುವ ಮೊದಲು ಆ ಒಂದು ಸಾಲು ಓದಿ

ನಮ್ಮ ಟಿಕೆಟ್ ಟೂಲಿನಲ್ಲಿ ವೈಫೈಗೆ ಇರುವುದು ಒಂದೇ ಕೆಟಗರಿ, 'ಲ್ಯಾಪ್‌ಟಾಪ್ ವೈಫೈ ಇಶ್ಯೂ'. ಬಟನ್ ಆಫ್ ಆಗಿದ್ದರೂ ಅದೇ, ವೈಫೈ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಕೈಕೊಟ್ಟರೂ ಅದೇ, ಇಡೀ ಫ್ಲೋರಿಗೆ ಐಪಿ (ನೆಟ್‌ವರ್ಕಿನಲ್ಲಿ ಪ್ರತಿ ಮೆಷಿನ್‌ಗೆ ಬೇಕಾದ ಅಡ್ರೆಸ್) ಸಿಗದಿದ್ದರೂ ಅದೇ. ಎಲ್ಲ ಬಂದು ಬೀಳುವುದು ಡೆಸ್ಕ್‌ಟಾಪ್ ಸಪೋರ್ಟ್ ಕ್ಯೂಗೆ, ಅಂದರೆ ನಮ್ಮ ಮೇಲೆ. ಯಾರೂ ಏನೂ ಪರೀಕ್ಷೆ ಮಾಡುವ ಮೊದಲೇ ತಪ್ಪು ಲ್ಯಾಪ್‌ಟಾಪಿನದು ಅಂತ ತೀರ್ಮಾನ ಆಗಿರುತ್ತದೆ. ಅದರಿಂದ ಎಷ್ಟು ಕೆಡಬಹುದು ಅಂತ ಒಂದು ಬೆಳಗ್ಗೆ ಟ್ರೈನಿಂಗ್ ಹಾಲಿನಲ್ಲಿ ಕಣ್ಣಾರೆ ನೋಡಿದೆ. ನೆನೆಸಿಕೊಂಡರೆ ಇವತ್ತಿಗೂ ಸಿಟ್ಟು ಬರುತ್ತದೆ.

ಹೊಸ ಬ್ಯಾಚ್ ಬಂದಿತ್ತು. ಹಾಲ್ ತುಂಬ ಜನ. ಎಲ್ಲರ ಮುಂದೆಯೂ ಹೊಸ ಇಮೇಜ್ (ವಿಂಡೋಸ್, ಡ್ರೈವರ್, ಸಾಫ್ಟ್‌ವೇರ್ ಎಲ್ಲ ಸೇರಿಸಿ ಕಂಪನಿ ಸಿದ್ಧಮಾಡಿದ ಕಟ್ಟು) ಹಾಕಿದ ಲ್ಯಾಪ್‌ಟಾಪ್. 9.30ಕ್ಕೆ ಆನ್‌ಲೈನ್ ಅಸೆಸ್‌ಮೆಂಟ್, ಎಲ್ಲರೂ ಒಟ್ಟಿಗೆ ಲಾಗಿನ್ ಆಗಬೇಕು. 9 ಗಂಟೆ ದಾಟುತ್ತಿದ್ದಂತೆ ಟಿಕೆಟ್ ಬರಲು ಶುರುವಾಯಿತು.

ಮೊದಲ ಟಿಕೆಟ್ ಸುಲಭದ್ದು. ಏರ್‌ಪ್ಲೇನ್ ಮೋಡ್ ಆನ್ ಆಗಿತ್ತು. ಕೀಬೋರ್ಡಿನ ಮೇಲಿನ ಸಾಲಿನಲ್ಲಿ ವಿಮಾನದ್ದೋ ಆಂಟೆನಾದ್ದೋ ಚಿತ್ರ ಇರುವ ಒಂದು ಕೀ ಇರುತ್ತದಲ್ವಾ, ಅದಕ್ಕೆ ಕೈ ತಗುಲಿದರೆ ಸಾಕು, ರೇಡಿಯೋ ಆಫ್. ಕೆಲವು ಮಾಡೆಲ್‌ಗಳಲ್ಲಿ ಎಫ್‌ಎನ್ ಜೊತೆ ಒತ್ತಬೇಕು, ಕೆಲವದರಲ್ಲಿ ಒಂಟಿ ಕೀ ಸಾಕು. ವಿಂಡೋಸ್ ಕೀ ಮತ್ತು ಎ ಒಟ್ಟಿಗೆ ಒತ್ತಿದರೆ ಬರುವ ಪ್ಯಾನಲ್‌ನಲ್ಲಿ ಏರ್‌ಪ್ಲೇನ್ ಮೋಡ್ ಆಫ್ ಮಾಡಿ, ವೈಫೈ ಆನ್ ಮಾಡಿದರೆ ಕೆಲಸ ಮುಗಿಯಿತು. ಹಳೆಯ ಕೆಲವು ಲ್ಯಾಪ್‌ಟಾಪ್‌ಗಳ ಪಕ್ಕದಲ್ಲಿ ಸಣ್ಣ ಸ್ಲೈಡ್ ಸ್ವಿಚ್ ಇರುತ್ತದೆ. ಅದು ಆಫ್ ಇದ್ದರೆ ಸೆಟಿಂಗ್ಸ್ ಒಳಗೆ ಏನು ಮಾಡಿದರೂ ಆನ್ ಆಗುವುದಿಲ್ಲ. ಲಿನಕ್ಸ್ ಇಟ್ಟುಕೊಂಡವರು ಆರ್‌ಎಫ್‌ಕಿಲ್ ಲಿಸ್ಟ್ ಅಂತ ಕೊಟ್ಟು ನೋಡಿದರೆ ಸಾಫ್ಟ್ ಬ್ಲಾಕೋ ಹಾರ್ಡ್ ಬ್ಲಾಕೋ ಅಂತ ಅದೇ ಹೇಳುತ್ತದೆ. ಹಾರ್ಡ್ ಅಂದರೆ ಸ್ವಿಚ್ಚನ್ನೋ ಕೀಯನ್ನೋ ಹುಡುಕಿ, ಕಮಾಂಡ್ ಕೊಡುತ್ತಾ ಕೂರಬೇಡಿ.

ಎರಡನೆಯದು ಸ್ವಲ್ಪ ಸತಾಯಿಸಿತು. ಪ್ಯಾನಲ್‌ನಲ್ಲಿ ವೈಫೈ ಅನ್ನೋ ಚೌಕವೇ ಇಲ್ಲ. ಡಿವೈಸ್ ಮ್ಯಾನೇಜರ್‌ನಲ್ಲೂ ಕಾರ್ಡ್ ಇಲ್ಲ, ಕಾರ್ಡೇ ಹಾಕಿಲ್ಲವೇನೋ ಅನ್ನುವ ಹಾಗೆ. ಇಂಥದ್ದು ಆಗಾಗ ಆಗುತ್ತದೆ. ಕಾರ್ಡ್ ಒಳಗೇ ಸಿಕ್ಕಿಹಾಕಿಕೊಂಡಿರುತ್ತದೆ, ಮಾಮೂಲಿ ಶಟ್‌ಡೌನ್‌ಗೆ ಬಗ್ಗುವುದಿಲ್ಲ. ಅದಕ್ಕೆ ಪೂರ್ತಿ ಕರೆಂಟ್ ತಪ್ಪಿಸಬೇಕು: ಆಫ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ ಅನ್ನು ಸುಮಾರು 30 ಸೆಕೆಂಡ್ ಒತ್ತಿ ಹಿಡಿದು, ಆಮೇಲೆ ಆನ್ ಮಾಡಬೇಕು. ಹಾಗೆ ಮಾಡಿದಾಗ ಕಾರ್ಡ್ ವಾಪಸ್ ಬಂತು. ಇಲ್ಲೇ ಇನ್ನೊಂದು ಮಾತು. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ನಿಜವಾದ ಶಟ್‌ಡೌನ್ ಅಲ್ಲ. ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಕೊಂಡು, ಮತ್ತೆ ಅದನ್ನೇ ಎತ್ತಿಕೊಂಡು ಎದ್ದೇಳುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ. 'ಆಫ್ ಮಾಡಿ ಆನ್ ಮಾಡಿದೆ, ಆದರೂ ಸರಿ ಹೋಗ್ಲಿಲ್ಲ' ಅಂತ ಯೂಸರ್ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ, ರೀಸ್ಟಾರ್ಟ್ ಮಾಡಿ ಅಂತ ಬಿಡಿಸಿ ಹೇಳಬೇಕು ಅಷ್ಟೇ.

ಇಷ್ಟರಲ್ಲಿ ಕ್ಯೂ ತುಂಬಿಹೋಗಿತ್ತು. ಮಿಕ್ಕವರದ್ದೆಲ್ಲ ಒಂದೇ ದೂರು. ವೈಫೈ ಕನೆಕ್ಟ್ ಆಗಿದೆ, ಸಿಗ್ನಲ್ ಫುಲ್ ಇದೆ, ಕೆಳಗೆ 'ನೋ ಇಂಟರ್‌ನೆಟ್' ಅಂತ ಬರುತ್ತಿದೆ.

ನನಗೆ ಮೊದಲು ಬಂದ ಅನುಮಾನ ಡ್ರೈವರ್ ಮೇಲೆ. ಇಮೇಜ್ ಹೊಸದು, ಅದರೊಳಗಿನ ವೈಫೈ ಡ್ರೈವರ್ ಕೂಡ ಹೊಸದು. ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಫ್ರೆಶ್ ಇಮೇಜ್ ಆದ್ದರಿಂದ ರೋಲ್ ಬ್ಯಾಕ್ ಬಟನ್ ಮಸುಕಾಗಿತ್ತು, ಹಿಂದಕ್ಕೆ ಹೋಗಲು ಹಳೆಯ ಡ್ರೈವರ್ ಒಳಗೆ ಇರಬೇಕಲ್ಲ. ಪೆನ್‌ಡ್ರೈವ್‌ನಲ್ಲಿದ್ದ ಹಳೆಯ ವರ್ಷನ್ ಹಾಕಿದೆ. ನೆಟ್ ಇಲ್ಲದ ಲ್ಯಾಪ್‌ಟಾಪಿಗೆ ನೆಟ್‌ನಿಂದ ಡ್ರೈವರ್ ಇಳಿಸಲು ಆಗುವುದಿಲ್ಲ, ಹಾಗಾಗಿ ನಾವು ಅದನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತೇವೆ. ಪೆನ್‌ಡ್ರೈವ್ ಇಲ್ಲದವರು ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿದರೂ ನಡೆಯುತ್ತದೆ. ಇನ್‌ಸ್ಟಾಲ್ ಪಟ್ಟಿ ಆಮೆಯಂತೆ ತೆವಳುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಹುಡುಗಿ ಮೆಲ್ಲಗೆ ಕೇಳಿದಳು, "ಸರ್, ನಾನು ಲೇಟಾಗಿ ಲಾಗಿನ್ ಆದ್ರೆ ಮಾರ್ಕ್ಸ್ ಹೋಗುತ್ತಾ?" ಅವಳಿಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ, ಮೊದಲ ಪರೀಕ್ಷೆ, ಕೈಗೆ ಕೊಟ್ಟ ಮೆಷಿನ್ ನಮ್ಮದು. ಹಳೆಯ ಡ್ರೈವರ್ ಕೂತಿತು. ಕನೆಕ್ಟೆಡ್, ನೋ ಇಂಟರ್‌ನೆಟ್. ಏನೂ ಬದಲಾಗಲಿಲ್ಲ.

ಆಗ ನನ್ನ ಟೀಮಿನ ಒಬ್ಬರು ಹಾಲಿನ ಹಿಂದಿನಿಂದ ಬಂದು ಒಂದು ವಿಷಯ ಹೇಳಿದರು. ಬೇಗ ಬಂದು ಕೂತವರಿಗೆಲ್ಲ ನೆಟ್ ಇದೆ, ತಡವಾಗಿ ಬಂದವರಿಗೆ ಇಲ್ಲ. ಜೊತೆಗೆ ಟ್ರೈನರ್‌ದು ಹಳೆಯ ಇಮೇಜಿನ ಲ್ಯಾಪ್‌ಟಾಪ್, ಅದರಲ್ಲೂ ಇದೇ ಕತೆ. ಡ್ರೈವರ್ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು. ಡ್ರೈವರ್‌ಗೆ ಯಾರು ಮೊದಲು ಬಂದರು ಅಂತ ಹೇಗೆ ಗೊತ್ತಾಗುತ್ತದೆ?

ಕಮಾಂಡ್ ಪ್ರಾಂಪ್ಟ್ ತೆರೆದು, ಲ್ಯಾಪ್‌ಟಾಪಿಗೆ ಸಿಕ್ಕ ಅಡ್ರೆಸ್ ತೋರಿಸುವ ಐಪಿಕಾನ್ಫಿಗ್ ಕಮಾಂಡ್ ಹೊಡೆದೆ. ಐಪಿವಿ4 ಅಡ್ರೆಸ್ ಸಾಲಿನಲ್ಲಿ 169.254 ಅಂತ ಶುರುವಾಗುವ ನಂಬರ್. ಗೇಟ್‌ವೇ (ಹೊರಗಿನ ನೆಟ್‌ಗೆ ಹೋಗುವ ಬಾಗಿಲು) ಜಾಗ ಖಾಲಿ. ಪಕ್ಕದ ಲ್ಯಾಪ್‌ಟಾಪಿನಲ್ಲೂ 169.254. ಅದರ ಪಕ್ಕದ್ದರಲ್ಲೂ ಹಾಗೇ.

ಈ ಸಾಲನ್ನು ಓದಲು ಬಂದರೆ ವೈಫೈ ಟಿಕೆಟ್‌ಗಳಲ್ಲಿ ಅರ್ಧ ಓಡಾಟ ತಪ್ಪುತ್ತದೆ. ಲ್ಯಾಪ್‌ಟಾಪ್ ವೈಫೈಗೆ ಸೇರಿದ ಮೇಲೆ 'ನನಗೊಂದು ಅಡ್ರೆಸ್ ಕೊಡಿ' ಅಂತ ಅಡ್ರೆಸ್ ಹಂಚುವ ಡಿಎಚ್‌ಸಿಪಿ ಸರ್ವರನ್ನು ಕೇಳುತ್ತದೆ. ಯಾರೂ ಉತ್ತರ ಕೊಡದಿದ್ದರೆ 169.254ರಿಂದ ಶುರುವಾಗುವ ಒಂದು ನಂಬರನ್ನು ತನಗೆ ತಾನೇ ಇಟ್ಟುಕೊಳ್ಳುತ್ತದೆ. ಆ ನಂಬರಿನಿಂದ ಹೊರಗಿನ ಇಂಟರ್‌ನೆಟ್‌ಗೆ ದಾರಿ ಇಲ್ಲ. ಹಾಗಾಗಿ ಆ ನಂಬರ್ ಕಂಡರೆ ರೇಡಿಯೋ ಆನ್ ಇದೆ, ಕಾರ್ಡ್ ಸರಿ ಇದೆ, ಸಿಗ್ನಲ್ ಇದೆ, ವೈಫೈಗೆ ಸೇರಿಕೊಂಡೂ ಆಗಿದೆ, ಸಿಗದೆ ಇರುವುದು ಅಡ್ರೆಸ್ ಮಾತ್ರ. ಒಂದೇ ಲ್ಯಾಪ್‌ಟಾಪಿನಲ್ಲಿ ಕಂಡರೆ ಆ ಲ್ಯಾಪ್‌ಟಾಪನ್ನು ನೋಡೋಣ. ಸಾಲು ಸಾಲಾಗಿ ಕಂಡರೆ ಹುಡುಕಬೇಕಾದ ಜಾಗ ಬೇರೆ.

ಅಡ್ರೆಸ್ ಸರಿ ಇದ್ದೂ ಪೇಜ್ ತೆರೆಯದಿದ್ದರೆ ಅದು ಇನ್ನೊಂದು ಥರದ ತೊಂದರೆ. ಮೊದಲು ಗೇಟ್‌ವೇಗೆ ಪಿಂಗ್ (ಆ ಕಡೆಯಿಂದ ಉತ್ತರ ಬರುತ್ತದಾ ಅಂತ ನೋಡುವ ಕಮಾಂಡ್), ಆಮೇಲೆ ಹೊರಗಿನ ಗೂಗಲ್ ಸರ್ವರ್ 8.8.8.8ಗೆ ಪಿಂಗ್. ಎರಡೂ ಉತ್ತರ ಕೊಟ್ಟು ವೆಬ್‌ಸೈಟ್ ಹೆಸರಿಗೆ ಮಾತ್ರ ಉತ್ತರ ಬರದಿದ್ದರೆ ಹೆಸರನ್ನು ಐಪಿಗೆ ಬದಲಿಸುವ ಡಿಎನ್‌ಎಸ್ ನೋಡಿ. ಲ್ಯಾಪ್‌ಟಾಪಿನ ತಾರೀಖು ತಪ್ಪಿದ್ದರೂ ಪೇಜ್‌ಗಳು ಸರ್ಟಿಫಿಕೇಟ್ ಎರರ್ ತೋರಿಸುತ್ತವೆ, ಅದನ್ನೂ ಜನ ವೈಫೈ ಇಲ್ಲ ಅಂತಲೇ ಬರೆಸುತ್ತಾರೆ.

ಖಚಿತ ಮಾಡಿಕೊಳ್ಳಲು, ಟೆಸ್ಟಿಂಗಿಗೆ ಅಂತ ನಮಗೆ ಬಿಟ್ಟುಕೊಟ್ಟಿದ್ದ ಒಂದು ಐಪಿಯನ್ನು ಒಂದು ಲ್ಯಾಪ್‌ಟಾಪಿಗೆ ಕೈಯಾರೆ ಹಾಕಿದೆ. ಗೇಟ್‌ವೇ ತಕ್ಷಣ ಉತ್ತರ ಕೊಟ್ಟಿತು, ಅಸೆಸ್‌ಮೆಂಟ್ ಪೇಜ್ ತೆರೆಯಿತು. ತಪ್ಪು ಲ್ಯಾಪ್‌ಟಾಪಿನದಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ನೀವು ಇದನ್ನು ಸುಮ್ನೆ ಮಾಡಲು ಹೋಗಬೇಡಿ. ಬೇರೆಯವರ ಐಪಿ ಹಾಕಿದರೆ ಇಬ್ಬರದೂ ಕೆಡುತ್ತದೆ, ಮತ್ತೆ ಆಟೋಮ್ಯಾಟಿಕ್‌ಗೆ ಹಾಕುವುದು ಮರೆತರೆ ನಾಳೆ ಇನ್ನೊಂದು ಟಿಕೆಟ್.

ಎಲ್ಲ ಟೀಮ್‌ಗಳೂ ಒಟ್ಟಿಗೆ ಮಾತಾಡುವ ಬ್ರಿಡ್ಜ್ ಕಾಲಿಗೆ ಸೇರಿ ಇದನ್ನು ಹೇಳೋಣ ಅಂತ ಹೋದರೆ ಅಲ್ಲಿ ಆಗಲೇ ತೀರ್ಮಾನ ಆಗಿತ್ತು. ನೆಟ್‌ವರ್ಕ್ ಟೀಮ್, "ಎಪಿ ಎಲ್ಲ ಗ್ರೀನ್ ಇದೆ, ನಮ್ಮ ಕಡೆ ಏನೂ ಇಲ್ಲ" ಅಂದಿದೆ. ಎಪಿ ಅಂದರೆ ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆ. ಮ್ಯಾನೇಜರ್, "ಹಾಗಾದ್ರೆ ಲ್ಯಾಪ್‌ಟಾಪ್ ಇಶ್ಯೂನೇ. ಎಲ್ಲದಕ್ಕೂ ನೆಟ್‌ವರ್ಕ್ ರೀಸೆಟ್ ಕೊಟ್ಟುಬಿಡಿ" ಅಂದಿದ್ದಾರೆ. ನಾನು ಡಿಎಚ್‌ಸಿಪಿ ಸ್ಕೋಪ್ (ಹಂಚಲು ಇಟ್ಟ ಅಡ್ರೆಸ್‌ಗಳ ಪಟ್ಟಿ) ನೋಡಿ ಅಂದೆ. "ಅದನ್ನ ಆಮೇಲೆ ನೋಡೋಣ, ಮೊದಲು ರೀಸೆಟ್ ಆಗ್ಲಿ, ಎಸ್‌ಎಲ್‌ಎ ಓಡ್ತಿದೆ" ಅನ್ನುವ ಉತ್ತರ ಬಂತು. ಎಸ್‌ಎಲ್‌ಎ ಅಂದರೆ ಟಿಕೆಟ್ ಮುಗಿಸಲು ಇರುವ ಗಡುವು. ಮತ್ತೆ ಹೇಳಿದೆ. ಮ್ಯೂಟ್ ಮಾಡಿ ಅಂದರು. ಆ ಹೊತ್ತಿಗೆ ಎಲ್ 1 (ಮೊದಲ ಹಂತದ ಸಪೋರ್ಟ್) ಹುಡುಗರು ಅಡ್ಮಿನ್ ಪಾಸ್‌ವರ್ಡ್ ಹಾಕುತ್ತಾ ಮುಂದಿನ ಸಾಲಿನಿಂದ ಬರುತ್ತಿದ್ದರು. ಮೇಲಿನಿಂದ ಆರ್ಡರ್ ಬಂದಿದೆ, ಅವರದೇನು ತಪ್ಪು? ನೆಟ್ ಸರಿಯಾಗಿದ್ದ ಕೆಲವು ಲ್ಯಾಪ್‌ಟಾಪ್‌ಗಳಿಗೂ ಮುಂಜಾಗ್ರತೆಗೆ ಅಂತ ಕೊಟ್ಟುಬಿಟ್ಟರು.

ನೆಟ್‌ವರ್ಕ್ ರೀಸೆಟ್ ಅನ್ನೋದು ಸಣ್ಣ ಬಟನ್ ಅಲ್ಲ. ಎಲ್ಲ ನೆಟ್‌ವರ್ಕ್ ಅಡಾಪ್ಟರ್‌ಗಳನ್ನೂ ಕಿತ್ತುಹಾಕಿ ಮತ್ತೆ ಹೊಸದಾಗಿ ಕೂರಿಸುತ್ತದೆ. ಉಳಿಸಿಟ್ಟ ವೈಫೈಗಳು ಹೋಗುತ್ತವೆ. ವಿಪಿಎನ್ ಹಾಕಿದ್ದರೆ ಅದನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಬಹುದು. ನಮ್ಮ ವೈಫೈ ಪ್ರೊಫೈಲ್ ಇಮೇಜಿನ ಜೊತೆ ಬಂದಿದ್ದು, ಯೂಸರ್‌ಗಳಿಗೆ ಪಾಸ್‌ವರ್ಡ್ ಗೊತ್ತಿಲ್ಲ. ರೀಸೆಟ್ ಆಗಿ ಎದ್ದ ಲ್ಯಾಪ್‌ಟಾಪ್‌ಗಳಲ್ಲಿ 169.254 ಕೂಡ ಇಲ್ಲ, ವೈಫೈಯೇ ಸೇರುತ್ತಿಲ್ಲ. ಮೊದಲು ಅಡ್ರೆಸ್ ಒಂದೇ ಇರಲಿಲ್ಲ. ಈಗ ಪ್ರೊಫೈಲೂ ಇಲ್ಲ, ವಿಪಿಎನ್ನೂ ಇಲ್ಲ.

9.30 ಆಯಿತು. ಟ್ರೈನರ್ ಅಸೆಸ್‌ಮೆಂಟ್ ಮುಂದಕ್ಕೆ ಹಾಕಿದರು. ಅವರು ಅಷ್ಟು ಮಾಡದಿದ್ದರೆ ಆ ಮಕ್ಕಳ ಗತಿ ಏನಾಗುತ್ತಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಕೊನೆಗೆ ನೆಟ್‌ವರ್ಕ್ ಟೀಮಿನಲ್ಲಿ ಗೊತ್ತಿದ್ದ ಒಬ್ಬರಿಗೆ ನೇರ ಫೋನ್ ಮಾಡಿದೆ. "ಒಂದೇ ಒಂದು ಸಲ ಸ್ಕೋಪ್ ತೆರೆದು ನೋಡಿ, ಪ್ಲೀಸ್." ನೋಡಿದರು. ಸ್ವಲ್ಪ ಹೊತ್ತು ಮಾತಿಲ್ಲ. "ಖಾಲಿ ಆಗಿದೆ" ಅಂದರು. ಆ ಹಾಲಿಗೆ ಇದ್ದದ್ದು ಸ್ಲ್ಯಾಶ್ 24 ಅನ್ನುವ ಒಂದು ಸಣ್ಣ ಅಡ್ರೆಸ್ ಗುಂಪು. ಅದರಲ್ಲಿ ಬಳಸಲು ಸಿಗುವುದೇ 254 ಅಡ್ರೆಸ್, ಕಾಯ್ದಿರಿಸಿದ್ದು ಕಳೆದರೆ ಇನ್ನೂ ಕಡಿಮೆ. ಹಿಂದಿನ ವಾರ ಅದೇ ಹಾಲಿನಲ್ಲಿ ಬೇರೆ ಬ್ಯಾಚ್ ಕೂತಿತ್ತು. ಫೋನ್‌ಗಳೂ ಅದೇ ವೈಫೈಗೆ ಸೇರಬಹುದಿತ್ತು, ಅಂದರೆ ತಲೆಗೆ ಎರಡು ಅಡ್ರೆಸ್. ಒಂದು ಅಡ್ರೆಸ್ ಒಬ್ಬರ ಹೆಸರಿನಲ್ಲಿ ಎಷ್ಟು ಕಾಲ ಇರಬೇಕು ಅನ್ನುವ ಲೀಸ್ ಟೈಮ್ ಯಾರೂ ಮುಟ್ಟಿರಲಿಲ್ಲ. ವಿಂಡೋಸ್ ಡಿಎಚ್‌ಸಿಪಿ ಸರ್ವರ್‌ನಲ್ಲಿ ಅದು ತಾನಾಗಿ 8 ದಿನ ಇರುತ್ತದೆ. ಹಳೆಯ ಬ್ಯಾಚ್ ಎದ್ದು ಹೋಗಿದೆ, ಅವರು ಹಿಡಿದ ಅಡ್ರೆಸ್‌ಗಳು ಇನ್ನೂ ಅವರ ಹೆಸರಿನಲ್ಲೇ ಇವೆ. ಉಳಿದಿದ್ದ ಕೆಲವು ಬೇಗ ಬಂದವರಿಗೆ ಸಿಕ್ಕಿವೆ. ಎಪಿ ಗ್ರೀನ್ ಇತ್ತು ಅನ್ನುವುದು ನಿಜ. ಎಪಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಅವರು ಹಳೆಯ ಲೀಸ್‌ಗಳನ್ನು ಅಳಿಸಿ, ಲೀಸ್ ಟೈಮನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. ಆಮೇಲೆ ನಡೆದದ್ದೇ ನನ್ನನ್ನು ಹೆಚ್ಚು ಕೆಣಕುವುದು. 169.254 ಇಟ್ಟುಕೊಂಡ ವಿಂಡೋಸ್ ಸುಮ್ಮನೆ ಕೂರುವುದಿಲ್ಲ, ಸುಮಾರು 5 ನಿಮಿಷಕ್ಕೊಮ್ಮೆ ಡಿಎಚ್‌ಸಿಪಿಯನ್ನು ಮತ್ತೆ ಕೇಳುತ್ತಲೇ ಇರುತ್ತದೆ. ಹಾಗಾಗಿ ಯಾರೂ ಮುಟ್ಟದ ಲ್ಯಾಪ್‌ಟಾಪ್‌ಗಳೆಲ್ಲ ತಾವಾಗಿಯೇ ನೆಟ್ ಹಿಡಿದವು. ಹಿಂದಿನ ಸಾಲುಗಳಿಂದ "ಬಂತು, ಬಂತು" ಅಂತ ಕೂಗು ಕೇಳುತ್ತಿತ್ತು. ನಾವು ರೀಸೆಟ್ ಕೊಟ್ಟ ಮುಂದಿನ ಸಾಲಿನವರು ಮಾತ್ರ ಖಾಲಿ ಸ್ಕ್ರೀನ್ ನೋಡುತ್ತಾ ಕೂತಿದ್ದರು. ಒಂದೊಂದಕ್ಕೂ ಪೆನ್‌ಡ್ರೈವ್‌ನಿಂದ ಪ್ರೊಫೈಲ್ ಇಂಪೋರ್ಟ್ ಮಾಡಿ, ವಿಪಿಎನ್ ಮತ್ತೆ ಹಾಕಿ, ರೀಸ್ಟಾರ್ಟ್ ಮಾಡುವಷ್ಟರಲ್ಲಿ ಮಧ್ಯಾಹ್ನ ಆಯಿತು.

ಆರ್‌ಸಿಎ (ತೊಂದರೆಯ ಮೂಲ ಕಾರಣದ ವರದಿ) ಬಂದಾಗ ಅದರಲ್ಲಿ ಬರೆದಿತ್ತು: ಲ್ಯಾಪ್‌ಟಾಪ್ ವೈಫೈ ಇಶ್ಯೂ, ನೆಟ್‌ವರ್ಕ್ ರೀಸೆಟ್ ಮೂಲಕ ಪರಿಹರಿಸಲಾಗಿದೆ. ಹೊಟ್ಟೆ ಉರಿಯಿತು. ಅಷ್ಟಕ್ಕೇ ಬಿಡಲಿಲ್ಲ. ವಿಂಡೋಸ್‌ನ ನೆಟ್‌ಎಸ್‌ಎಚ್ ಕಮಾಂಡಿನಲ್ಲಿ ವ್ಲ್ಯಾನ್‌ರಿಪೋರ್ಟ್ ಅಂತ ಒಂದು ಸೌಲಭ್ಯ ಇದೆ, ಕೊಟ್ಟರೆ ಹಿಂದಿನ 3 ದಿನಗಳಲ್ಲಿ ವೈಫೈ ಯಾವಾಗ ಸೇರಿತು, ಯಾವಾಗ ಬಿಟ್ಟಿತು, ಯಾಕೆ ಬಿಟ್ಟಿತು ಅಂತ ಒಂದು ಪೇಜಿನಲ್ಲಿ ತೋರಿಸುತ್ತದೆ. ರೀಸೆಟ್ ಆಗದ ಲ್ಯಾಪ್‌ಟಾಪ್‌ಗಳಿಂದ ಅದನ್ನು ತೆಗೆದು, ಸ್ಕೋಪ್ ಖಾಲಿ ಇದ್ದ ಸ್ಕ್ರೀನ್‌ಶಾಟ್ ಜೊತೆ ಕಳಿಸಿದೆ. ತುಂಬ ಮೇಲ್ ಓಡಾಡಿದ ಮೇಲೆ ಆರ್‌ಸಿಎ ತಿದ್ದಿದರು.

ಹೊಸದಾಗಿ ಸೇರುವ ಎಲ್ 1ನವರಿಗೆ ನಾನು ಈಗ ಹೇಳುವುದು ಇಷ್ಟು. ಯಾರ ಲ್ಯಾಪ್‌ಟಾಪಾದರೂ ಸರಿ, ರೀಸೆಟ್ ಅಂತ ಯಾರೇ ಹೇಳಿದರೂ ಸರಿ, ಮೊದಲು ಐಪಿಕಾನ್ಫಿಗ್ ಹೊಡೆದು ಆ ಸಾಲಿನ ಫೋಟೋ ಟಿಕೆಟ್‌ಗೆ ಹಾಕಿ, ಪಕ್ಕದವರಿಗೆ ನೆಟ್ ಇದೆಯಾ ಅಂತ ಕೇಳಿ ಬರೆಯಿರಿ. ಅರ್ಧ ನಿಮಿಷದ ಕೆಲಸ. ರೀಸೆಟ್ ಆದ ಮೇಲೆ ಆ ಸಾಲು ಮತ್ತೆ ಸಿಗುವುದಿಲ್ಲ. ಮ್ಯಾನೇಜರ್ ಒತ್ತಾಯ ಮಾಡಿದರೆ ನನ್ನ ಹೆಸರು ಹೇಳಿ, ನಾನು ಮಾತಾಡುತ್ತೇನೆ.

ಡಿಎಚ್‌ಸಿಪಿ ಸ್ಕೋಪ್ ನೋಡಲು ನಮಗೂ ರೀಡ್ ಓನ್ಲಿ ಆಕ್ಸೆಸ್ ಬೇಕು ಅಂತ ಪಟ್ಟು ಹಿಡಿದೆವು, ಕೊನೆಗೂ ಕೊಟ್ಟಿದ್ದಾರೆ. ಈಗ ಬ್ಯಾಚ್ ಬರುವ ಹಿಂದಿನ ಸಂಜೆ ಹಾಲಿನ ಸ್ಕೋಪಿನಲ್ಲಿ ಎಷ್ಟು ಅಡ್ರೆಸ್ ಉಳಿದಿದೆ ಅಂತ ನಾವೇ ನೋಡಿಕೊಳ್ಳುತ್ತೇವೆ. ಕೂರುವವರ ಸಂಖ್ಯೆಯ ಎರಡರಷ್ಟು ಇಲ್ಲದಿದ್ದರೆ ಅವತ್ತೇ ನೆಟ್‌ವರ್ಕ್ ಟೀಮಿಗೆ ಟಿಕೆಟ್ ಹಾಕುತ್ತೇವೆ.