ಪ್ರತಿ ಗುಳ್ಳೆಗೂ ಜೇಡ ಹೊಣೆಯಲ್ಲ

ಮುಂಗಾರು ಹಿಡಿದು ಹೊಲಗಳು ಹಸಿರಾಗುವ ಹೊತ್ತಿಗೆ ವಿಜಯಪುರ ಜಿಲ್ಲೆಯ ನಮ್ಮ ಹಳ್ಳಿಗಳಲ್ಲಿ ಕತ್ತಿನ ಮೇಲೋ, ಕೆನ್ನೆಯ ಮೇಲೋ, ಮೊಣಕೈ ಮಡಿಕೆಯಲ್ಲೋ ಸುಟ್ಟಂತೆ ಕೆಂಪು ಗೀರು ಎದ್ದವರು ಒಬ್ಬಿಬ್ಬರಾದರೂ ಕಾಣಸಿಗುತ್ತಾರೆ. ಹಿರಿಯರು ನೋಡಿದ ಕೂಡಲೇ ‘ಜ್ಯಾಡ ಹರದೈತಿ’ ಎಂದೋ, ಜೇಡ ಉಚ್ಚೆ ಹೊಯ್ದಿದೆ ಎಂದೋ ಹೇಳಿ ಸುಣ್ಣ ಹಚ್ಚಿಸುತ್ತಾರೆ. ಆ ಗೀರಿಗೂ ಜೇಡಕ್ಕೂ ಸಂಬಂಧವೇ ಇಲ್ಲ. ಅದಕ್ಕೆ ಕಾರಣ, ರಾತ್ರಿ ಟ್ಯೂಬ್‌ಲೈಟಿನ ಬೆಳಕಿಗೆ ಹಾರಿ ಬರುವ, ಇರುವೆಯಂತೆ ಸಪೂರವಾದ, ಕಪ್ಪು ಮತ್ತು ಕಿತ್ತಳೆ ಬಣ್ಣದ ಪೆಡೆರಸ್ ಎಂಬ ಪುಟ್ಟ ಜೀರುಂಡೆ. ಅದು ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ಮೈಮೇಲೆ ಕೂತಾಗ ನಾವು ಹೊಡೆದು ಉಜ್ಜಿದರೆ ಅದರ ದೇಹದೊಳಗಿನ ಪೆಡೆರಿನ್ ಎಂಬ ರಸ ಚರ್ಮಕ್ಕೆ ಹತ್ತಿ, ಒಂದೆರಡು ದಿನಗಳಲ್ಲಿ ಉಜ್ಜಿದ ದಾರಿಯುದ್ದಕ್ಕೂ ಗುಳ್ಳೆ ಏಳುತ್ತದೆ. ಊದಿ ಹಾರಿಸಿ, ಸೋಪು ನೀರಿನಿಂದ ತೊಳೆದುಕೊಂಡರೆ ಬಹುಮಟ್ಟಿಗೆ ತೊಂದರೆ ತಪ್ಪುತ್ತದೆ.

ಇಷ್ಟೇ ಆಗಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ಜೇಡ ಎಂದು ಹೆಸರಿಟ್ಟ ಕೂಡಲೇ ಮನೆಯವರು ಬೇರೆ ಕಾರಣ ಹುಡುಕುವುದನ್ನು ನಿಲ್ಲಿಸುತ್ತಾರೆ ಎಂಬುದೇ ನನ್ನ ಕಳವಳ. ಬೆನ್ನಿನಿಂದ ಎದೆಯವರೆಗೆ, ಮೈಯ ಒಂದೇ ಮಗ್ಗುಲಲ್ಲಿ ಪಟ್ಟಿಯಂತೆ ಗುಳ್ಳೆಗಳು ಎದ್ದು ಉರಿಯತೊಡಗಿದರೆ ಅದು ಸರ್ಪಸುತ್ತು; ಹಿಂದೆಂದೋ ಸೀತಾಳೆ ಸಿಡುಬಾಗಿ (ಚಿಕನ್‌ಪಾಕ್ಸ್) ಬಂದು ನರಗಳಲ್ಲಿ ಅಡಗಿ ಕೂತಿದ್ದ ವೈರಾಣುವೇ ಮತ್ತೆ ಎದ್ದಿರುತ್ತದೆ. ಗುಳ್ಳೆ ಕಾಣಿಸಿದ 72 ಗಂಟೆಗಳೊಳಗೆ ಔಷಧ ಆರಂಭಿಸಿದರೆ ಅದರ ಫಲ ಹೆಚ್ಚು. ಸುಣ್ಣ, ಅರಿಶಿನ, ಮಂತ್ರಗಳಲ್ಲಿ ಆ ಮೂರು ದಿನಗಳು ಕಳೆದುಹೋಗುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇದಕ್ಕಿಂತ ಭಯಂಕರವಾದುದು ರಾತ್ರಿಯ ಕಡಿತ. ಸೆಕೆಗೆಂದು ನೆಲದ ಮೇಲೆ ಹಾಸಿಕೊಂಡು ಮಲಗಿದವರನ್ನು ಕಟ್ಟುಹಾವು ಕಚ್ಚಿದಾಗ ಅನೇಕ ಸಲ ನೋವು ಇರುವುದೇ ಇಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣುವುದಿಲ್ಲ. ಏನೋ ಹುಳ ಕಚ್ಚಿರಬೇಕೆಂದು ಮಗ್ಗುಲು ಬದಲಿಸಿ ಮಲಗುತ್ತಾರೆ. ಬೆಳಗಿನ ಜಾವಕ್ಕೆ ಹೊಟ್ಟೆ ನೋವು, ಜೋಲುವ ರೆಪ್ಪೆ, ತೊದಲುವ ಮಾತು, ಉಗುಳು ನುಂಗಲಾಗದ ಸ್ಥಿತಿ ಬಂದರೆ ಒಂದು ಕ್ಷಣವನ್ನೂ ಕಳೆಯದೆ 108ಕ್ಕೆ ಕರೆ ಮಾಡಿ, ವೆಂಟಿಲೇಟರ್ ಇರುವ ಆಸ್ಪತ್ರೆಗೆ ಒಯ್ಯಬೇಕು. ಕಲ್ಲು ರಾಶಿಗಳಲ್ಲಿ, ಮಣ್ಣಿನ ಗೋಡೆಯ ಬಿರುಕುಗಳಲ್ಲಿ ಅವಿತಿರುವ ಕೆಂಪು ಚೇಳೂ ಹಾಗೆಯೇ. ಕುಟುಕಿದ ಮೇಲೆ ಮಗುವಿನ ಮೈ ಬೆವೆತು, ಕೈಕಾಲು ತಣ್ಣಗಾಗಿ, ವಾಂತಿಯಾಗಿ, ಉಸಿರು ಏದತೊಡಗಿದರೆ ವಿಷ ಹೃದಯಕ್ಕೆ ಎಟುಕಿದೆ ಎಂದರ್ಥ. ಇದಕ್ಕೆ ಪ್ರಾಜೋಸಿನ್ ಎಂಬ ಸಾಮಾನ್ಯ ಮಾತ್ರೆಯ ಬಳಕೆಯನ್ನು ತೋರಿಸಿಕೊಟ್ಟು ಅಸಂಖ್ಯ ಜೀವ ಉಳಿಸಿದವರು ನೆರೆಯ ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನ ವೈದ್ಯ ಹಿಮ್ಮತರಾವ್ ಬಾವಸ್ಕರ್. ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಅಂಥ ಚಿಕಿತ್ಸೆ ಇದ್ದೂ ಜೇಡವೆಂದು ಸುಮ್ಮನಿರುವುದು ಸಲ್ಲದು.

ಹಾಗಾದರೆ ಜೇಡ ನಿರುಪದ್ರವಿಯೇ? ಜಗತ್ತಿನಲ್ಲಿ 50,000ಕ್ಕೂ ಹೆಚ್ಚು ಪ್ರಭೇದಗಳನ್ನು ಈವರೆಗೆ ಗುರುತಿಸಲಾಗಿದೆ. ಬೆರಳೆಣಿಕೆಯ ಗುಂಪುಗಳನ್ನು ಬಿಟ್ಟರೆ ಉಳಿದ ಬಹುತೇಕ ಎಲ್ಲಕ್ಕೂ ವಿಷವಿದೆ. ಆದರೆ ಆ ವಿಷ ನೊಣ, ಜಿಗಿಹುಳು, ಜಿರಲೆಗಳಿಗಾಗಿ ಇರುವುದು, ಮತ್ತು ಹೆಚ್ಚಿನ ಜೇಡಗಳ ಹಲ್ಲು ನಮ್ಮ ಚರ್ಮವನ್ನು ದಾಟಿ ಹಾನಿ ಮಾಡುವಷ್ಟು ಬಲವಾದುದಲ್ಲ. ಗೋಡೆಯ ಮೇಲೆ ಅಂಗೈಯಗಲ ಚಪ್ಪಟೆಯಾಗಿ ಕೂತು, ಹೊಟ್ಟೆಯಡಿ ಬಿಳಿ ಬಿಲ್ಲೆಯಂಥ ಮೊಟ್ಟೆಚೀಲ ಹೊತ್ತು ತಿರುಗುವ ಹಂಟ್ಸ್‌ಮನ್ ಜೇಡವನ್ನು ಕಂಡರೆ ಎಲ್ಲರೂ ಪೊರಕೆ ಹುಡುಕುತ್ತಾರೆ. ಅದು ಜಿರಲೆ ತಿಂದು ಬದುಕುವ ಪ್ರಾಣಿ, ಹಿಡಿದು ಒತ್ತಿದರೆ ಮಾತ್ರ ಕಚ್ಚುತ್ತದೆ. ದ್ರಾಕ್ಷಿ ತೋಟದ ಎಲೆಗಳ ನಡುವಿನ ಜೇಡಗಳಂತೂ ಬೆಳೆಗೆ ಕಾಟ ಕೊಡುವ ಹುಳಗಳನ್ನು ಹಿಡಿಯುವ ನಮ್ಮದೇ ಕಾವಲುಗಾರರು.

ಎಚ್ಚರ ಬೇಕಾದವು ಕೆಲವೇ. ವಿಡೋ ಗುಂಪಿನ ಜೇಡಗಳು ಭಾರತದಲ್ಲಿಯೂ ಇವೆ. ಗೋಲಿಯಂತೆ ದುಂಡಾದ, ಹೊಳೆಯುವ ಹೊಟ್ಟೆ, ಅದರ ಕೆಳಭಾಗದಲ್ಲಿ ಡಮರುವಿನ ಆಕಾರದ ಕೆಂಪು ಅಥವಾ ಕಿತ್ತಳೆ ಗುರುತು, ಅಡ್ಡಾದಿಡ್ಡಿ ಹೆಣೆದ ಬಲೆ. ಕಂದು ವಿಡೋ ಆದರೆ ಮೈತುಂಬ ಮುಳ್ಳಿರುವ ಮೊಟ್ಟೆಚೀಲ. ಇವು ಕಚ್ಚಿದರೆ ಗಾಯ ಚಿಕ್ಕದೇ ಇದ್ದರೂ ನೋವು ಕೆಲವು ಗಂಟೆಗಳಲ್ಲಿ ಹೊಟ್ಟೆ, ಬೆನ್ನಿಗೆ ಹರಡಿ, ಸ್ನಾಯು ಬಿಗಿದು, ಬೆವರು ಇಳಿಯಬಹುದು. ಪಶ್ಚಿಮ ಘಟ್ಟದ ಕಾಡಿನ ಮರದ ಪೊಟರೆಗಳಲ್ಲಿ ಪೀಸಿಲೊಥೇರಿಯಾ ಎಂಬ ರೋಮಭರಿತ ದೊಡ್ಡ ಟ್ಯಾರಂಟುಲಾಗಳಿವೆ. ಅವುಗಳ ಕಡಿತದಿಂದ ದಿನಗಟ್ಟಲೆ ಸ್ನಾಯುಸೆಳೆತ ಕಾಡಬಹುದು. ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆ ಕಾಡಿಗೆ ಹೋಗುವವರು ಪೊಟರೆಗೆ ಕೈ ಹಾಕಬಾರದು.

ಮೊಬೈಲಿನಲ್ಲಿ ಹರಿದಾಡುವ ಕೊಳೆತ ಗಾಯದ ಚಿತ್ರಗಳನ್ನು ನಂಬುವ ಮುನ್ನ ಒಂದು ಸಂಗತಿ ತಿಳಿದಿರಲಿ. ಕಚ್ಚಿದ ಜೇಡವನ್ನು ಹಿಡಿದು ತಂದು ತಜ್ಞರಿಂದ ಗುರುತಿಸಿದ 750 ಪ್ರಕರಣಗಳನ್ನು ಆಸ್ಟ್ರೇಲಿಯಾದ ಸಂಶೋಧಕರು 2002ರಲ್ಲಿ ಪ್ರಕಟಿಸಿದರು. ಒಂದರಲ್ಲೂ ಮಾಂಸ ಕೊಳೆಯುವ ಹುಣ್ಣು ಆಗಿರಲಿಲ್ಲ. ಮಧುಮೇಹ ಇರುವವರ ಕಾಲಿನಲ್ಲಿ ಕೆಂಪೇರಿ ಬಾತು ಕೀವಾಗುವ ಗಾಯ ಹೆಚ್ಚಾಗಿ ಬ್ಯಾಕ್ಟೀರಿಯಾ ಸೋಂಕು, ಅದಕ್ಕೆ ತಡಮಾಡದೆ ಚಿಕಿತ್ಸೆ ಬೇಕು.

ಜೇಡ ಕಚ್ಚಿದ್ದನ್ನು ಕಣ್ಣಾರೆ ಕಂಡಿದ್ದರೆ ಜಾಗವನ್ನು ಸೋಪಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು, ನೋವಿಗೆ ಪ್ಯಾರಸಿಟಮಾಲ್ ತೆಗೆದುಕೊಂಡರೆ ಸಾಮಾನ್ಯವಾಗಿ ಸಾಕು. ಬ್ಲೇಡಿನಿಂದ ಕೊಯ್ಯುವುದು, ಹಗ್ಗ ಬಿಗಿಯುವುದು, ಬಾಯಿಯಿಂದ ಹೀರುವುದು ಬೇಡವೇ ಬೇಡ. 2012ರಲ್ಲಿ ಅಸ್ಸಾಮಿನ ಸದಿಯಾದಲ್ಲಿ ಜೇಡ ಕಚ್ಚಿ ಇಬ್ಬರು ಸತ್ತರೆಂಬ ಸುದ್ದಿ ದೇಶವೆಲ್ಲ ಹರಡಿತು. ಅವರ ಗಾಯಗಳನ್ನು ಮೊದಲು ನಾಟಿ ವೈದ್ಯರು ಬ್ಲೇಡಿನಿಂದ ಕೊಯ್ದಿದ್ದರು, ಮರಣೋತ್ತರ ಪರೀಕ್ಷೆ ನಡೆದಿರಲಿಲ್ಲ, ಆದ್ದರಿಂದ ಸಾವಿಗೆ ಜೇಡವೇ ಕಾರಣವೆಂದು ಸಾಬೀತಾಗಲಿಲ್ಲ. ಹಾವಿನ ಪ್ರತಿವಿಷವೂ ಜೇಡದ ವಿಷಕ್ಕೆ ನಾಟುವುದಿಲ್ಲ, ಹಾಗಾಗಿ ಅದನ್ನೇ ಕೊಡಿ ಎಂದು ವೈದ್ಯರಿಗೆ ಒತ್ತಾಯಿಸಬಾರದು. ಕೆಂಪು ಹರಡುತ್ತಿದೆಯೇ ಎಂದು ತಿಳಿಯಲು ಅದರ ಅಂಚಿನ ಸುತ್ತ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆದಿಡಿ. ಗೆರೆ ದಾಟಿದರೆ, ಜ್ವರ ಬಂದರೆ, ನೋವು ಮೈಗೆ ಹರಡಿದರೆ ಆಸ್ಪತ್ರೆಗೆ ಹೋಗಿ. ಸಿಕ್ಕರೆ ಜೇಡದ ಫೋಟೋ ತೋರಿಸಿ. ಏನನ್ನೂ ಕಂಡಿಲ್ಲದಿದ್ದರೆ ‘ಜೇಡ ಕಚ್ಚಿತು’ ಎನ್ನದೆ, ಎಷ್ಟು ಹೊತ್ತಿಗೆ, ಎಲ್ಲಿ ಮಲಗಿದ್ದಾಗ, ಮೊದಲು ಏನಾಯಿತು ಎಂಬುದನ್ನಷ್ಟೇ ವೈದ್ಯರಿಗೆ ಹೇಳಿ.