ಡಿಸೆಂಬರ್ 13: ಕೆಳಗೆ ಒಂದು ತೊಟ್ಟೂ ಬೀಳದೆ ಖಾಲಿಯಾದ ನೀರು

13 ಡಿಸೆಂಬರ್ 2023, ಬುಧವಾರ
ಹಾಸನ

ಬೆಳಿಗ್ಗೆ 7ಕ್ಕೆ ಗ್ಯಾರೇಜ್ ಬಾಗಿಲು ತೆಗೆಯೋಕೆ ಬಂದರೆ ಹತ್ತು ಚಕ್ರದ ಲಾರಿಯೊಂದು ಆಗಲೇ ಮುಂದೆ ನಿಂತಿತ್ತು. ರಾತ್ರಿ 2ಕ್ಕೆ ಬಂದು ಅಲ್ಲೇ ಮಲಗಿದ್ದರಂತೆ. ಮಂಗಳೂರಿನಿಂದ ಗೊಬ್ಬರ ತುಂಬಿಕೊಂಡು ಬೆಂಗಳೂರು ಕಡೆ ಹೊರಟ ಗಾಡಿ. ಡ್ರೈವರ್ ಹಿರಿಯೂರು ಕಡೆಯವರು, ಐವತ್ತು ದಾಟಿದ ಮನುಷ್ಯ. ಕಣ್ಣು ಕೆಂಪಗಾಗಿತ್ತು.

"ಮೇಸ್ತ್ರಿ, ಗಾಡಿ ನೀರು ಕುಡೀತಾ ಇದೆ. ಗುಂಡ್ಯದಲ್ಲಿ ಫುಲ್ ಮಾಡಿದ್ದೆ. ಮಾರನಹಳ್ಳಿ ಹತ್ತೋ ಹೊತ್ತಿಗೆ ಮುಳ್ಳು ಕೆಂಪಿಗೆ ಬಂತು. ಸಕಲೇಶಪುರದಲ್ಲಿ ಮತ್ತೆ 5 ಲೀಟರ್ ಹಿಡೀತು. ಕೆಳಗೆ ನೋಡಿದ್ರೆ ಒಂದು ತೊಟ್ಟೂ ಬಿದ್ದಿಲ್ಲ."

ಹಿಂದಿನ ವಾರ ಬೇರೆ ಕಡೆ ತೋರಿಸಿದ್ದಾರೆ. ಇಂಜಿನ್ ತಣ್ಣಗಿಡೋ ನೀರಿನ ಟ್ಯಾಂಕ್‌ನಲ್ಲಿ ಗುಳ್ಳೆ ಕಂಡಿದ್ದೇ ತಡ, ಹೆಡ್ ಗ್ಯಾಸ್ಕೆಟ್ (ಇಂಜಿನ್ ತಲೆಯ ಕೆಳಗಿನ ಸೀಲ್ ಹಾಳೆ) ಹೋಗಿದೆ, ಹೆಡ್ ಇಳಿಸಬೇಕು, 40 ಸಾವಿರ ಆಗುತ್ತೆ ಅಂದರಂತೆ. ಅಷ್ಟು ದುಡ್ಡು ಹೊಂದಿಸೋಕೆ ಆಗದೆ ನೀರು ಹಾಕ್ಕೊಂಡೇ ಓಡಿಸಿದ್ದಾರೆ. ಕೇಳಿ ಬೇಜಾರಾಯಿತು. ಗುಳ್ಳೆ ಕಂಡರೆ ಗ್ಯಾಸ್ಕೆಟ್ಟೇ ಅಂತ ಯಾರು ಹೇಳಿದ್ದು?

"ಅಣ್ಣ, ಗಾಡಿ ಸ್ಟಾರ್ಟ್ ಮಾಡಬೇಡಿ. ಟೀ ಕುಡ್ಕೊಂಡು ಬನ್ನಿ" ಅಂದೆ. ಲೀಕ್ ಹುಡುಕೋಕೆ ಇಂಜಿನ್ ತಣ್ಣಗಿರಬೇಕು. ಹಾಸನದ ಡಿಸೆಂಬರ್ ಚಳಿಯಂತೂ ಈ ಕೆಲಸಕ್ಕೆ ತುಂಬಾ ಒಳ್ಳೇದು. ಚಳಿಗೆ ರಬ್ಬರ್ ಸೆಟೆದುಕೊಂಡು ಕ್ಲಾಂಪ್ ಸಡಿಲ ಆಗುತ್ತೆ, ಅಲ್ಲಿ ಜಿನುಗುತ್ತೆ. ಇಂಜಿನ್ ಬಿಸಿ ಆಗ್ತಿದ್ದ ಹಾಗೆ ಎಲ್ಲಾ ಹಿಗ್ಗಿ ಅದೇ ಜಾಗ ಮುಚ್ಚಿಕೊಳ್ಳುತ್ತೆ. ಬಿಸಿ ಕಬ್ಬಿಣದ ಮೇಲೆ ಬಿದ್ದ ಹನಿಯೂ ನಿಲ್ಲಲ್ಲ. ನೀರು ಆವಿಯಾಗಿ, ಅದರಲ್ಲಿ ಬೆರೆಸಿರೋ ಕೂಲಂಟ್ ದ್ರವದ ಬಣ್ಣದ ಹುಡಿ ಮಾತ್ರ ಕಚ್ಚಿಕೊಂಡಿರುತ್ತೆ. ಹುಡುಕಬೇಕಾದ್ದು ಆ ಹುಡಿಯನ್ನೇ.

ಟಾರ್ಚ್ ಹಿಡಿದು ಮಲಗಿ ನೋಡಿದೆ. ರೇಡಿಯೇಟರ್ ಸರಿ ಇತ್ತು. ಕೆಳಗಿನ ಹೋಸ್ ಕ್ಲಾಂಪ್‌ನಲ್ಲಿ ಒಂಚೂರು ಹಸಿರು ಹುಡಿ ಇತ್ತು, ಅಷ್ಟೆ. 5 ಲೀಟರ್ ಹೋಗೋ ಲೀಕ್ ಅಲ್ಲ ಅದು. ವಾಟರ್ ಪಂಪ್ ಕೆಳಗಿನ ತೂತು ಒಣಗಿತ್ತು. ಒಳಗಿನ ಸೀಲ್ ಹೋದರೆ ಗೊತ್ತಾಗಲಿ ಅಂತಲೇ ಕಂಪನಿಯವರು ಆ ತೂತು ಬಿಟ್ಟಿರುತ್ತಾರೆ. ಕೆಲವರು ಅಲ್ಲಿ ನೀರು ಬಂತು ಅಂತ ಅಂಟು ಮೆತ್ತಿ ಮುಚ್ಚುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೊರಗೆ ಬರೋ ನೀರು ಬೇರಿಂಗ್‌ಗೆ ನುಗ್ಗುತ್ತೆ.

ಆಮೇಲೆ ಆಯಿಲ್. ಡಿಪ್‌ಸ್ಟಿಕ್ ನೋಡಿ ಸುಮ್ಮನಾಗಬಾರದು. ರಾತ್ರಿಯೆಲ್ಲಾ ನಿಂತ ಗಾಡಿಯಲ್ಲಿ ಎಣ್ಣೆ ಮೇಲೆ, ನೀರು ತಳದಲ್ಲಿ. ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಪ್ಲಗ್ ಮೆಲ್ಲಗೆ ಸಡಿಲ ಮಾಡಿ ಅಂಗೈ ಹಿಡಿದೆ. ಮೊದಲ ಹನಿಯೇ ಕಪ್ಪು ಆಯಿಲ್, ನೀರಿನ ಸುಳಿವಿಲ್ಲ. ಟ್ಯಾಂಕ್ ಮುಚ್ಚಳ ತೆಗೆದು ಬೆರಳು ಅದ್ದಿ ನೋಡಿದೆ, ಜಿಡ್ಡು ಇಲ್ಲ. ಹಾಗಾದರೆ ಆಯಿಲನ್ನು ನೀರಿನಿಂದ ತಣ್ಣಗಿಡೋ ಆಯಿಲ್ ಕೂಲರ್ ಮೇಲಿನ ಅನುಮಾನ ಕಮ್ಮಿಯಾಯಿತು. ಅದು ತೂತಾದರೆ ಇಂಜಿನ್ ಓಡುವಾಗ ಆಯಿಲ್ ಪ್ರೆಶರ್ ಜಾಸ್ತಿ ಇರೋದರಿಂದ ಕೂಲಂಟ್‌ಗೆ ಎಣ್ಣೆ ಬಂದೇ ಬರುತ್ತೆ.

ಟ್ಯಾಂಕ್ ಬಾಯಿಗೆ ಪ್ರೆಶರ್ ಪಂಪ್ ಕೂರಿಸಿ 1 ಬಾರ್ ಒತ್ತಿದೆ. ಕಾಲು ಗಂಟೆಯಲ್ಲಿ ಮುಳ್ಳು 0.7ಕ್ಕೆ ಇಳಿಯಿತು. ಹೊರಗೆ ಎಲ್ಲೂ ಹನಿ ಇಲ್ಲ. ಅಂದರೆ ನೀರು ಒಳಗೆಲ್ಲೋ ಹೋಗ್ತಿದೆ. ಸಿಲಿಂಡರ್‌ನಲ್ಲಿ ನೀರು ನಿಂತಿದ್ದು ಸೆಲ್ಫ್ ಹೊಡೆದರೆ ಮುಗೀತು. ನೀರು ಗಾಳಿಯ ಹಾಗೆ ಕುಗ್ಗಲ್ಲ, ಪಿಸ್ಟನ್ ತಳ್ಳೋ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತೆ. ಹುಡುಗನ ಕೈಲಿ ಇಂಜಿನ್ನನ್ನು ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿದೆ. ಎಲ್ಲೂ ಹಿಡಿಯಲಿಲ್ಲ.

ಮುಚ್ಚಳ ತೆಗೆದಿಟ್ಟೇ ಸ್ಟಾರ್ಟ್ ಮಾಡಿಸಿದೆ. (ತಣ್ಣಗಿನ ಇಂಜಿನ್‌ಗೆ ಮಾತ್ರ ಹೀಗೆ. ಬಿಸಿ ಇದ್ದಾಗ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡ ಕ್ಲೀನರ್ ಹುಡುಗರನ್ನು ನೋಡಿದ್ದೇನೆ.) ಹೊಗೆ ಬೆಳ್ಳಗಿಲ್ಲ, ಸಿಹಿ ವಾಸನೆಯೂ ಇಲ್ಲ, ಅಂದರೆ ಹೊಗೆ ಜೊತೆ ಕೂಲಂಟ್ ಹೋಗ್ತಿಲ್ಲ. ಇದು ಹಳೇ ಗಾಡಿ, ಇಜಿಆರ್ ಕೂಲರ್ (ಇಂಜಿನ್‌ಗೆ ವಾಪಸ್ ಹೋಗೋ ಹೊಗೆಯನ್ನು ನೀರಿನಿಂದ ತಣ್ಣಗೆ ಮಾಡೋ ಭಾಗ) ಇಲ್ಲ. 2020ರ ಏಪ್ರಿಲ್ ಆದಮೇಲೆ ಹೊಸ ಹೊಗೆ ನಿಯಮಕ್ಕೆ ಬಂದ ಬಿಎಸ್-6 ಗಾಡಿಯಾಗಿದ್ದು ಅದು ಇದ್ದಿದ್ದರೆ ಅದನ್ನೂ ಬಿಚ್ಚಿ ನೀರಲ್ಲಿ ಮುಳುಗಿಸಿ ನೋಡಬೇಕಾಗ್ತಿತ್ತು.

ಟ್ಯಾಂಕ್‌ನಲ್ಲಿ ಗುಳ್ಳೆ ಬಂತು. ಅನ್ನ ಕುದಿಯೋ ಹಾಗೆ ಬುಳುಬುಳು ಅಂತ ಬಿಡದೆ ಬರ್ತಿತ್ತು. ಡ್ರೈವರ್ ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ, ನೋಡ್ತಾ ನಿಂತೆ. ಬ್ರೇಕ್‌ನ ಗಾಳಿ ಮೀಟರ್ 4ರಿಂದ ಮೇಲೇರ್ತಾ ಇತ್ತು. 6, 7, ಸುಮಾರು 8 ಬಾರ್‌ಗೆ ಬಂದಾಗ ಬ್ರೇಕ್ ಗಾಳಿಯ ತೇವ ತೆಗೆಯೋ ಏರ್ ಡ್ರೈಯರ್ "ಫುಸ್" ಅಂತು. ಅದೇ ಕ್ಷಣ ಗುಳ್ಳೆ ನಿಂತುಹೋಯಿತು. ಟ್ಯಾಂಕ್‌ನಲ್ಲಿ ನೀರು ಕನ್ನಡಿ ಹಾಗೆ ಆಯಿತು.

"ಅಣ್ಣ, ನಾಲ್ಕೈದು ಸಲ ಬ್ರೇಕ್ ಒತ್ತಿ" ಅಂದೆ. ಗಾಳಿ ಇಳಿಯಿತು, ಕಂಪ್ರೆಸರ್ ಮತ್ತೆ ಗಾಳಿ ತುಂಬೋಕೆ ಶುರು ಮಾಡಿತು, ಗುಳ್ಳೆ ಮತ್ತೆ ಬಂತು. ಮೂರು ಸಲ ಮಾಡಿಸಿದೆ. ಮೂರು ಸಲವೂ ಅದೇ. ಹೆಡ್ ಗ್ಯಾಸ್ಕೆಟ್‌ಗೆ ಬ್ರೇಕ್ ಗಾಳಿಯ ಲೆಕ್ಕ ಏನು ಗೊತ್ತು? ಅದು ಹೋಗಿದ್ದರೆ ಬ್ರೇಕ್ ಒತ್ತಿದರೂ ಬಿಟ್ಟರೂ ಗುಳ್ಳೆ ಬರಬೇಕಿತ್ತು, ಆಕ್ಸಿಲರೇಟರ್ ಕೊಟ್ಟರೆ ಇನ್ನೂ ಜಾಸ್ತಿ ಆಗಬೇಕಿತ್ತು.

ಕಾರು ರಿಪೇರಿ ಕಲಿತು ಲಾರಿಗೆ ಬಂದವರು ತಪ್ಪೋದು ಇಲ್ಲೇ. ಬ್ರೇಕ್‌ಗೆ ಗಾಳಿ ತುಂಬೋ ಕಂಪ್ರೆಸರ್ ತಲೆಯನ್ನೂ ಇಂಜಿನ್ ನೀರೇ ತಣ್ಣಗಿಡುತ್ತೆ. ಅದರ ಪುಟ್ಟ ಗ್ಯಾಸ್ಕೆಟ್ ಹೋದರೆ 8 ಬಾರ್ ಗಾಳಿ, ಸುಮಾರು 1 ಬಾರ್ ಅಷ್ಟೇ ತಡೆಯೋ ಕೂಲಂಟ್ ದಾರಿಗೆ ನುಗ್ಗುತ್ತೆ, ನೀರನ್ನು ಮುಚ್ಚಳದಿಂದ ಆಚೆ ತಳ್ಳುತ್ತೆ. ಇಂಜಿನ್ ನಿಲ್ಲಿಸಿದ ಮೇಲೆ ಉಲ್ಟಾ, ನೀರೇ ಕಂಪ್ರೆಸರ್ ಒಳಗೆ ಇಳಿಯುತ್ತೆ. ನನ್ನ ಪ್ರೆಶರ್ ಪಂಪ್‌ನ ಮುಳ್ಳು ಇಳಿದದ್ದು ಅದಕ್ಕೇ. ಘಾಟಿಯಲ್ಲಿ ಪದೇ ಪದೇ ಬ್ರೇಕ್ ಒತ್ತಿದಷ್ಟೂ ಕಂಪ್ರೆಸರ್‌ಗೆ ಕೆಲಸ ಜಾಸ್ತಿ, ನೀರು ಬೇಗ ಖಾಲಿ.

ಡ್ರೈಯರ್ ಕೆಳಗೆ ಬಗ್ಗಿ ನೋಡಿದೆ. ಚಾಸಿಸ್ ಮೇಲೆ ಬೀಸಣಿಗೆ ಆಕಾರದಲ್ಲಿ ಹಸಿರು ಕಲೆ. ಪ್ರತಿ "ಫುಸ್"ಗೂ ಒಂದಿಷ್ಟು ಕೂಲಂಟ್ ತುಂತುರಾಗಿ ಓಡೋ ಗಾಡಿಯಿಂದ ರಸ್ತೆಗೆ ಹೋಗಿದೆ. ನಿಂತಾಗ ಕೆಳಗೆ ತೊಟ್ಟು ಹೇಗೆ ಕಾಣುತ್ತೆ? ಕಂಪ್ರೆಸರ್ ಗಾಳಿ ಪೈಪ್ ಬಿಚ್ಚಿದರೆ ಒಳಗೆ ಹಸಿ. ಆದರೂ ಕೊನೇ ಅನುಮಾನ ತೀರಲಿ ಅಂತ ಕಂಪ್ರೆಸರ್‌ನ ಎರಡೂ ನೀರಿನ ಪೈಪ್ ತೆಗೆದು ಒಂದಕ್ಕೊಂದು ಜೋಡಿಸಿ ಎರಡು ನಿಮಿಷ ಓಡಿಸಿದೆ. ಒಂದು ಗುಳ್ಳೆಯೂ ಇಲ್ಲ.

ಹೆಡ್ ಇಳಿಸೋದು ಬೇಡ ಅಂದಾಗ ಆ ಮನುಷ್ಯ ಸ್ವಲ್ಪ ಹೊತ್ತು ಮಾತಾಡಲೇ ಇಲ್ಲ. ಆಮೇಲೆ ಓನರ್‌ಗೆ ಫೋನ್ ಮಾಡೋಕೆ ಆಚೆ ಹೋದರು.

ಕಂಪ್ರೆಸರ್ ತಲೆ ಬಿಚ್ಚಿದಾಗ ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಉಗುರಿನಷ್ಟು ಜಾಗ ಸುಟ್ಟಿತ್ತು. ತಲೆಯ ಮೇಲೆ ಸ್ಕೇಲ್ ಇಟ್ಟು ನೋಡಿದೆ, ಸೊಟ್ಟ ಆಗಿರಲಿಲ್ಲ. ಗ್ಯಾಸ್ಕೆಟ್ ಊರಲ್ಲೇ ಸಿಕ್ಕಿತು. ಡ್ರೈಯರ್ ಡಬ್ಬಿಯನ್ನೂ ಬದಲಾಯಿಸಿದೆ, ಕೂಲಂಟ್ ಕುಡಿದ ಡಬ್ಬಿ ಆಮೇಲೆ ಗಾಳಿ ಒಣಗಿಸಲ್ಲ. ಬ್ರೇಕ್ ವಿಷಯದಲ್ಲಿ ನಾನು ದುಡ್ಡು ಉಳಿಸೋಕೆ ಹೇಳಲ್ಲ.

ನನಗೆ ನಿಜವಾಗಿ ಚಿಂತೆ ಆದದ್ದು ಒಂದು ವಾರದಿಂದ ಕೂಲಂಟ್ ಇಲ್ಲದೆ ಟ್ಯಾಂಕ್‌ಗೆ ಸುರಿದ ಹಳ್ಳದ ನೀರಿನದು. "ನಮ್ಮಲ್ಲೇನು ಮಂಜುಗಡ್ಡೆ ಕಟ್ಟುತ್ತಾ, ಕೂಲಂಟ್ ಯಾಕೆ?" ಅಂತ ಡ್ರೈವರ್ ಕೇಳಿದರು. ಶೆಲ್ಫ್ ಮೇಲಿಂದ ಹಳೇ ಲೈನರ್ (ಪಿಸ್ಟನ್ ಓಡಾಡೋ ಕೊಳವೆ, ಹೊರಗೆ ನೀರು ಸುತ್ತುತ್ತೆ) ಇಳಿಸಿ ಅವರ ಕೈಗೆ ಕೊಟ್ಟೆ. ಹೊರಮೈಯ ಒಂದು ಪಕ್ಕದಲ್ಲಿ ಗೆದ್ದಲು ತಿಂದ ಹಾಗೆ ತೂತುಗಳ ಸಾಲು, ಒಂದು ತೂತಿನಿಂದ ಬೆಳಕು ಆಚೆ ಕಾಣುತ್ತೆ. ಪಿಸ್ಟನ್ ಹೊಡೆತಕ್ಕೆ ಲೈನರ್ ನಡುಗುತ್ತೆ, ಮೈಗೆ ಅಂಟಿದ ನೀರಿನಲ್ಲಿ ಸಣ್ಣ ಆವಿ ಗುಳ್ಳೆ ಹುಟ್ಟಿ ಒಡೆಯುತ್ತೆ, ಒಡೆದಾಗೆಲ್ಲಾ ಕಬ್ಬಿಣದ ಒಂದು ಕಣ ಕಿತ್ತು ಹೋಗುತ್ತೆ. ಕೂಲಂಟ್‌ನಲ್ಲಿರೋ ಔಷಧಿ ಅದನ್ನು ತಡೆಯುತ್ತೆ, ಬರೀ ನೀರು ತಡೆಯಲ್ಲ. ಅವರು ಆ ತೂತಿನ ಮೇಲೆ ಬೆರಳಿಟ್ಟು ತುಂಬಾ ಹೊತ್ತು ನೋಡಿದರು. ಪೂರ್ತಿ ಫ್ಲಶ್ ಮಾಡಿ, ಅರ್ಧ ಕೂಲಂಟ್ ಅರ್ಧ ಡಿಸ್ಟಿಲ್ಡ್ ವಾಟರ್ ತುಂಬಿದೆ.

ಇಳಿಸಿದ ನೀರನ್ನು ಹುಡುಗ ಚರಂಡಿ ಕಡೆ ತಗೊಂಡು ಹೋಗ್ತಿದ್ದ, ತಡೆದೆ. ಕೂಲಂಟ್ ಸಿಹಿ ಇರುತ್ತೆ, ನಾಯಿ ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತೆ. ಕ್ಯಾನ್‌ಗೆ ತುಂಬಿ ಮುಚ್ಚಳ ಹಾಕಿಸಿ, ನೆಲ ತೊಳೆಸಿದೆ.

ಸಂಜೆ 4ಕ್ಕೆ ಗಾಡಿ ಹೊರಟಿತು. ಟ್ಯಾಂಕ್ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದು ಕಳಿಸಿದ್ದೆ. ಈಗ ರಾತ್ರಿ 9. ಊಟಕ್ಕೆ ಕೂತಾಗ ಯಡಿಯೂರಿನಿಂದ ಫೋನ್ ಬಂತು. "ಮೇಸ್ತ್ರಿ, ಗಾಡಿ ತಣ್ಣಗಾಗೋವರೆಗೂ ಕಾದು ನೋಡ್ದೆ. ನೀರು ಗೆರೆ ಮೇಲೇ ಇದೆ."